ಚಕ್ಕುಬಂದಿ

ಮೂವತ್ತೊಂದು ವರ್ಷ ಬರೆದೆ.
ಶಿಡ್ಲಘಟ್ಟದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಹೊಂಗೆಮರ, ಅದರಡಿ ತಗಡಿನ ಮೇಜು, ಮೇಜಿನ ಹಿಂದೆ ನಾನು.
ಎರಡೆಕರೆ ಹದಿನಾಲ್ಕು ಗುಂಟೆ ಖುಷ್ಕಿ,
ಪೂರ್ವಕ್ಕೆ ಓಣಿ,
ಪಶ್ಚಿಮಕ್ಕೆ ಪಿಳ್ಳಪ್ಪನವರ ಹಿಪ್ಪುನೇರಳೆ ತೋಟ.
ಬರೆದ ಭೂಮಿಯನ್ನೆಲ್ಲ ಒಂದಕ್ಕೊಂದು ಹೊಲಿದರೆ
ಒಂದು ಹೋಬಳಿಯಾದೀತು.
ಅದರಲ್ಲಿ ನಾನು ತುಳಿದದ್ದು
ಮೇಜಿನಿಂದ ಟೀ ಅಂಗಡಿಗೆ ಹನ್ನೊಂದು ಹೆಜ್ಜೆ.
ಆಮೇಲಾಮೇಲೆ ಹುಡುಗನೇ ಲೋಟ ತಂದಿಡತೊಡಗಿದ.

ಆಷಾಢದ ಗಾಳಿಯಲ್ಲಿ ಕಾಗದ ಹಿಡಿದು ಕೂತಿದ್ದಾಗ
ಆಸ್ಪತ್ರೆಯಿಂದ ಸಿಸ್ಟರ್ ಲೂರ್ದುಮೇರಿ ಬಂದರು.
ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು,
ಟೇಪು ಹಿಡಿದು ಹೊಟ್ಟೆ ಅಳೆದರು.
ಊರಿನ ಅಳತೆಯೆಲ್ಲ ಬರೆದವನ ಅಳತೆ
ಬೇರೊಬ್ಬರ ಪುಸ್ತಕ ಸೇರಿತು:
ನೂರ ಎಂಟು ಸೆಂಟಿಮೀಟರ್.
‘ಪೋಡಿ ಮಾಡಿಸಬೇಕಲ್ಲಯ್ಯ’ ಅಂದ ಪಕ್ಕದ ಮೇಜಿನ ಗಂಗುಲಪ್ಪ.
ಸಿಸ್ಟರ್ ನಗಲಿಲ್ಲ.
‘ಸೋಮವಾರ, ಐದೂ ಮುಕ್ಕಾಲು, ಕಾಲೇಜು ಮೈದಾನ.
ಹನ್ನೆರಡು ವಾರ. ಓಡೋದೇನೂ ಬೇಡ.
ಬಂದರೆ ಸಾಕು.’

ನಮ್ಮ ಕಡೆ ಸುಮ್ಮನೆ ನಡೆಯುವವರಿಲ್ಲ.
ನಡೆದರೆ ಬಸ್ಸಿಗೆ, ಬಹಿರ್ದೆಸೆಗೆ, ಸಾವಿನ ಮನೆಗೆ.
‘ಎಲ್ಲಿಗಣ್ಣ, ಇಷ್ಟೊತ್ತಿಗೇ?’
ಹಾಲಿನ ಕ್ಯಾನಿನ ಹುಡುಗ ಗಾಡಿ ನಿಲ್ಲಿಸಿದ.
‘ಎಲ್ಲಿಗೂ ಇಲ್ಲ.’
‘ಹಂಗಾರೆ ಹತ್ತು, ಬಿಟ್ಟು ಹೋಗ್ತೀನಿ.’

ಮೈದಾನದಲ್ಲಿ ಒಂಬತ್ತು ಜನ,
ಕಳ್ಳತನಕ್ಕೆ ಬಂದವರಂತೆ ದೂರದೂರ ನಿಂತಿದ್ದೆವು.
ರೇಷನ್ ಅಂಗಡಿಯ ಮುನಿಶಾಮಿ,
‘ಮೂಟೆ ಕಾಯ್ತಾ ಕಾಯ್ತಾ ನಾನೂ ಒಂದು ಮೂಟೆ’ ಅಂದ.
ರೀಲಿಂಗ್ ಘಟಕದ ಲೆಕ್ಕದ ಅಮಾನುಲ್ಲಾ,
ಮೈಯೆಲ್ಲ ಬೆಂದ ಗೂಡಿನ ವಾಸನೆ.
ಓವರ್‌ಲಾಕ್ ಮಿಶಿನ್ನಿನ ಷಹತಾಜ್,
ಬುರ್ಖಾದಂಚಲ್ಲಿ ಮಗನ ಬಿಳಿ ಕ್ಯಾನ್ವಾಸ್ ಶೂ.
ಹದಿನೆಂಟು ವರ್ಷದಲ್ಲಿ ಮೊದಲ ಸಲವಂತೆ
ತರಬೇಕಾದ್ದೇನೂ ಇಲ್ಲದೆ ಹೊಸ್ತಿಲು ದಾಟಿದ್ದು.
ಹೇಳುವಾಗ ಎರಡೂ ಕೈ ಮುಂದೆ ಚಾಚಿ ತೋರಿಸಿದಳು.
ಖಾಲಿ.

ಮೊದಲ ಸುತ್ತಿಗೇ ಮೀನಖಂಡ ಕಲ್ಲಾಯಿತು.
ಎರಡನೆಯದು ಅರ್ಧ.
ಮನೆಯಲ್ಲಿ ಬಿಸಿನೀರು, ಎಳ್ಳೆಣ್ಣೆ, ಹೆಂಡತಿಯ ಗೊಣಗು,
‘ಮದುವೆಯಾದಾಗ ದೇವಸ್ಥಾನಕ್ಕೆ ಬಾ ಅಂದ್ರೆ ಆಟೋ ಕರೀತಿದ್ರಿ.’

ಮೂರನೇ ವಾರ ಮಳೆ. ನಾಲ್ವರು ಉಳಿದೆವು.
ಐದನೆಯದರಲ್ಲಿ ಇಬ್ಬರು, ಒಂದು ನಾಯಿ.
ಮುನಿಶಾಮಿಯ ಬೀದಿಯಲ್ಲೇ ಸುತ್ತು ಹಾಕೋಣ ಅಂದ ಅಮಾನುಲ್ಲಾ.
ಕಿಟಕಿಯ ಕೆಳಗೆ ನಾಲ್ಕು ದಿನ ಕೆಮ್ಮಿದೆವು.
ಐದನೇ ದಿನ ಬೈಯುತ್ತ ಬಂದ,
ಚಪ್ಪಲಿ ಅದಲುಬದಲು.

ಹನ್ನೆರಡು ವಾರ ಮುಗಿದ ದಿನ ಸಿಸ್ಟರ್ ಟೇಪು ಬಿಚ್ಚಿದರು.
ನೂರ ನಾಲ್ಕು.
‘ಒತ್ತುವರಿ ತೆರವು’ ಅಂದೆ ನಾನೇ.
ಈ ಸಲ ನಕ್ಕರು.
ಮರುವಾರ ಬಾಗೇಪಲ್ಲಿಗೆ ವರ್ಗ.
ಕಾರ್ಡಿನ ಕೊನೆಯ ಚೌಕ ಇನ್ನೂ ಖಾಲಿಯಿದೆ.
ಹೋಗುತ್ತೇವೆ; ಎಲ್ಲ ದಿನವೂ ಅಲ್ಲ.

ಮೊನ್ನೆ ಒಂದು ವಿಭಾಗಪತ್ರ.
ಅಣ್ಣತಮ್ಮಂದಿರಿಬ್ಬರೂ ನನ್ನದೇ ಹಳೆಯ ಬರಹ ಹಿಡಿದು ಬಂದರು:
ಉತ್ತರಕ್ಕೆ ಬೇವಿನ ಮರ.
ಒಬ್ಬ ಇದೆಯೆಂದ, ಒಬ್ಬ ಇಲ್ಲವೆಂದ.
ಪೆನ್ನು ಮುಚ್ಚಿ ಎದ್ದೆ. ‘ನಡೀರಿ, ನೋಡೋಣ.’
ಅಣ್ಣ ಬೈಕು ತರಲು ಓಡಿದ.
ಬೇಡವೆಂದೆ. ಎರಡು ಮೈಲಿ, ಕೆರೆ ಏರಿಯ ಮೇಲೆ.
ಅವರಿಬ್ಬರೂ ಏದುತ್ತ ಹಿಂದೆ ಬಿದ್ದರು,
ಜಗಳಕ್ಕೆ ಉಸಿರಿಲ್ಲ.

ನಾನೇ ಬರೆದ ನೆಲದ ಮೇಲೆ ಅವತ್ತೇ ಮೊದಲು ಕಾಲಿಟ್ಟದ್ದು.
ಗುಂಟೆ ಅಂದರೆ ಇಷ್ಟೇಯೇ?
ಪಾದಕ್ಕೆ ಅಂಟುವ ಕೆಂಪುಮಣ್ಣೆಂದು
ಯಾವ ಕಲಮಿನಲ್ಲೂ ಬರೆದಿರಲಿಲ್ಲ.

ಉತ್ತರಕ್ಕೆ ಮರವಿರಲಿಲ್ಲ.
ಕಡಿದ ಬುಡವಿತ್ತು.
ಅದರ ಮೇಲೆ ಕೂತೆ, ತುಸು ಹೊತ್ತು.
ಎದ್ದೆ.