ಉಪ್ಪು ತಿಂದ ಕಲ್ಲು

ದುದ್ದದ ಕಡೆ ಹೋಗುವ ಬಸ್ಸಿನಿಂದಿಳಿದು
ಹೊಲದ ಬದುವಿನ ಮೇಲೆ ಅರ್ಧ ಮೈಲಿ:
ಹೆಸರಿನ ಫಲಕವೂ ಇಲ್ಲದ ಒಂದು ಗುಡಿ.
ಅಡಿಪಟ್ಟಿಯಲ್ಲಿ ಎಪ್ಪತ್ತೊಂದು ಆನೆ.
ಹದಿನೇಳಕ್ಕೆ ಕಿವಿಯಿಲ್ಲ.
ಎಣಿಸಿದ್ದು ನಾನೇ, ಎರಡು ಸಲ.

ಬಳಪದ ಕಲ್ಲು ಇದು.
ನೆಲದಿಂದೆದ್ದ ದಿನ ಉಗುರಿಗೂ ಮಣಿಯುತ್ತದೆ,
ಆಮೇಲೆ ಗಾಳಿ ಕುಡಿಯುತ್ತ ಕುಡಿಯುತ್ತ ಬಿಗಿಯಾಗುತ್ತದೆ,
ಹೊಸ ಊರಿಗೆ ವರ್ಗವಾಗಿ ಬಂದ ಮೇಷ್ಟರ ಹಾಗೆ.
ಈಗ ಆನೆಯ ಮೈ ಮುಟ್ಟಿದರೆ
ಬೆರಳಿಗೆ ಹಿಟ್ಟು.
ಹುಡುಗಿಯಾಗಿದ್ದಾಗ ಸ್ಲೇಟಿನ ಮೇಲೆ ಬರೆದು
ಲಂಗಕ್ಕೆ ಒರೆಸಿಕೊಂಡ ಹಿಟ್ಟೇ.

ಮಳೆಯನ್ನು ದೂರುವುದು ಸುಲಭ.
ಸಂದುಗಳಲ್ಲಿ ತುಂಬಿದ್ದು ಬೂದು ಸಿಮೆಂಟು.
ಗೋಡೆ ಒಳಗೆಳೆದುಕೊಂಡ ನೀರಿಗೆ
ಸಂದಿನ ದಾರಿ ಮುಚ್ಚಿತು;
ಅದು ಕಲ್ಲಿನ ಮೈಯಿಂದಲೇ ಹೊರಟಿತು
ಸಿಮೆಂಟಿನ ಉಪ್ಪು, ಬಾವಲಿ ಹಿಕ್ಕೆಯ ಉಪ್ಪು ಹೊತ್ತು.
ಹಗಲು ನೀರು ಆರುತ್ತದೆ, ಉಪ್ಪು ಹರಳಾಗುತ್ತದೆ,
ಇರುಳ ಇಬ್ಬನಿಗೆ ಕರಗುತ್ತದೆ,
ಮರುಹಗಲು ಮತ್ತೆ ಹರಳು, ಮತ್ತೊಂದು ನೂಕು.
ಉಪ್ಪು ತಿಂದವರು ನೀರು ಕುಡಿಯಬೇಕೆನ್ನುತ್ತಾರೆ.
ತಿನ್ನಿಸಿದವರು?

ತಿನ್ನಿಸಿದವರು ನಾಲ್ಕನೆಯ ದಿನ ಬಂದರು.
ಗೋವಿಂದಬೋವಿ, ಎಂಬತ್ತರ ಆಸುಪಾಸು,
ಕಂಕುಳಲ್ಲಿ ಟವೆಲು ಸುತ್ತಿದ ಕರಣಿ.
ಉಳಿ ತಾಗಿ ಸಿಮೆಂಟು ಚಕ್ಕೆ ಚಕ್ಕೆ ಬೀಳುವುದನ್ನು
ಕುಕ್ಕರುಗಾಲಲ್ಲಿ ಕೂತು ನೋಡಿದರು.
"ಆವಾಗ ಇದು ಬಂಗಾರ ಕಣವ್ವ. ಪರ್ಮಿಟ್ಟಿತ್ತು.
ಹಾಸನದ ಆಫೀಸಿಗೆ ಆರು ಸಲ ಅಲೆದೆ, ಹನ್ನೆರಡು ಮೂಟೆಗೆ.
ಒಂದು ಬೊಗಸೆ ಮನೆಗೆ ಒಯ್ದಿಲ್ಲ.
ನಮ್ಮನೆ ಇವತ್ತಿಗೂ ಮಣ್ಣಿನ ಗೋಡೆ."
ಸ್ವಲ್ಪ ಹೊತ್ತು ಬಿಟ್ಟು:
"ಅದು ಚೆನ್ನಾಗೇ ಐತೆ."

ನಾನು ರಸಾಯನಶಾಸ್ತ್ರ ಓದಿದವಳು.
ಆ ಕ್ಷಣಕ್ಕೆ ಒಂದು ಸೂತ್ರವೂ ನೆನಪಾಗಲಿಲ್ಲ.

ಮಸಿ ಕಾಣದ ಕಾಗದ ನೆನೆಸಿ ರುಬ್ಬಿ
ಆನೆಗಳ ಮೈಗೆ ಪಟ್ಟು ಹಾಕಿದೆವು,
ಕುರುವಿಗೆ ಅಜ್ಜಿ ಹಾಕುತ್ತಿದ್ದಂತೆ.
ಒಣಗುತ್ತ ಅದು ಉಪ್ಪನ್ನು ತನ್ನೊಳಗೆ ಕರೆದುಕೊಳ್ಳುತ್ತದೆ.
ಮೊದಲ ಪಟ್ಟು, ಮೀಟರಿನಲ್ಲಿ ಎರಡು ಸಾವಿರದ ನಾನೂರು.
ಎರಡನೆಯದು ಎಂಟುನೂರ ಹತ್ತು.
ಮೂರನೆಯದನ್ನು ಸುಲಿಯುವಾಗ ಗೋವಿಂದಬೋವಿ
ಒಂದು ಚೂರು ಮುರಿದು ನಾಲಗೆಗೆ ಇಟ್ಟುಕೊಂಡರು.
ತಡೆಯಬೇಕಿತ್ತು. ಬಾವಲಿ, ನೈಟ್ರೇಟು, ಏನೇನೋ.
"ಇನ್ನೂ ಐತೆ," ಅಂದರು.
ಮೀಟರೂ ಹಾಗೆಯೇ ಅಂದಿತು.

ಹೊಸದಾಗಿ ಸುಣ್ಣದ ಗಾರೆ.
ಬೆಲ್ಲದ ನೀರು, ಅಳಲೆಕಾಯಿಯ ಕಷಾಯ.
ಎಷ್ಟು ಅರೆದರೆ ಸಾಕೆಂದು ಕೈಪಿಡಿಯಲ್ಲಿ ಇತ್ತು,
ಸಾಲದೆಂದು ಅವರಿಗೆ ಗೊತ್ತಿತ್ತು:
ಗಾಣದ ಗುಂಡಿನ ಸದ್ದು ಬದಲಾಗಬೇಕಂತೆ.
ಈ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು,
ನೀರಿಗೆ ದಾರಿ ಬಿಡಬೇಕು,
ಸವೆಯುವುದಿದ್ದರೆ ಮೊದಲು ತಾನು ಸವೆಯಬೇಕು.
ಐವತ್ತು ವರ್ಷಕ್ಕೆ ಯಾರೋ ಬಂದು ಕೆರೆದು ತೆಗೆಯಲಿ,
ಬೈಯದೆ ತೆಗೆಯಲಿ.

ಹೋದ ಕಿವಿಗಳು ಹಿಂದಿರುಗಲಿಲ್ಲ.
ನಾವು ಕಿವಿ ಮಾಡುವವರಲ್ಲ.

ಕೊನೆಯ ಚಕ್ಕೆಯಲ್ಲಿ, ಈಶಾನ್ಯದ ಮೂಲೆಯದು,
ಹಸಿಯಿದ್ದಾಗ ಒತ್ತಿದ ಹೆಬ್ಬೆಟ್ಟಿತ್ತು.
ಯಾರದೆಂದು ಕೇಳಲಿಲ್ಲ.
ಚೀಟಿ ಅಂಟಿಸಿ ಸ್ಯಾಂಪಲಿನ ಚೀಲಕ್ಕೆ ಹಾಕಿದೆ.

ಗಾರೆಗೆ ಹೊದಿಸಿದ ಗೋಣಿತಾಟು
ಇಪ್ಪತ್ತೊಂದು ದಿನ ಒಣಗಬಾರದು.
ಬೆಳಿಗ್ಗೆ ನಾವು ಬಸ್ಸಿಳಿದು ಬರುವ ಮುಂಚೆಯೇ
ಅದು ಒದ್ದೆಯಾಗಿರುತ್ತಿತ್ತು.