ರೆಂಡಿಟ್ಟಾ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿ,
ಮೆಡಿಕಲ್ ಸ್ಟೋರಿನ ಮೇಲೆ ನನ್ನ ಲ್ಯಾಬು.
ಹದಿನಾಲ್ಕು ಮೆಟ್ಟಿಲು. ಮಂಡಿನೋವಿನವರು
ಕೆಳಗಿನಿಂದಲೇ ಕೂಗುತ್ತಾರೆ:
“ಸೂಜಿ ತಗೊಂಡು ನೀನೇ ಇಳಿದು ಬಾ.”

ಎಂಟರೊಳಗೆ ಬರಬೇಕು, ಬರಿಹೊಟ್ಟೆಯಲ್ಲಿ.
ಅರ್ಧ ಲೋಟ ಚಾ, ಒಂದೇ ಒಂದು ಬನ್ನು ಅಂದವರನ್ನೂ
ವಾಪಸು ಕಳಿಸಿದ ಪಾಪ ನನ್ನ ತಲೆಯ ಮೇಲಿದೆ.
ಏನು ಮಾಡಲಿ, ಇರುಳೆಲ್ಲ ಸವೆದ ಮೂಳೆ
ಬೆಳಗಿನ ಜಾವಕ್ಕೆ ರಕ್ತದಲ್ಲಿ ಪುಡಿ ಬಿಟ್ಟಿರುತ್ತದೆ;
ಒಂದು ತುತ್ತು ತಿಂದರೂ ಲೆಕ್ಕ ತಪ್ಪುತ್ತದೆ.

ಫಾರಮ್ಮಿನಲ್ಲಿ ಒಂದು ಖಾನೆ:
ಮುಟ್ಟು ನಿಂತಿದೆಯೇ? ಯಾವಾಗ?
ತಾರೀಕು ಯಾರೂ ಹೇಳುವುದಿಲ್ಲ.
“ಹಳೇ ಐನೂರರ ನೋಟು ಸತ್ತ ವರ್ಷ.”
“ದೊಡ್ಡವಳ ಎರಡನೇ ಬಾಣಂತನ ಮಾಡ್ತಿದ್ದೆ, ಗಮನಿಸಲೇ ಇಲ್ಲ.”
ಜಂಗಮಕೋಟೆಯ ಅಕ್ಕಯ್ಯಮ್ಮ ನಕ್ಕಳು:
“ಕೊನೇ ಬಸ್ಸು ಅಂತ ಬೋರ್ಡು ಹಾಕ್ಕೊಂಡು ಬರುತ್ತಾ?
ಒಂದಿನ ಬರಲಿಲ್ಲ.
ಆಮೇಲೂ ಬರಲಿಲ್ಲ.”

ದಿಲ್ಶಾದ್ ಬೀ ಬಂದದ್ದು ಬಲಗೈಗೆ ಪಟ್ಟಿ ಬಿಗಿದುಕೊಂಡು.
ಬಿಚ್ಚಾಣಿಕೆ ಮನೆಯ ಒದ್ದೆ ನೆಲ.
ಬಿದ್ದದ್ದೂ ಅಲ್ಲ, ಜಾರಿ ಕೈ ಊರಿದ್ದಷ್ಟೇ,
ಮಣಿಕಟ್ಟು ಹಪ್ಪಳ.

ಎಡಗೈ ಚಾಚಿದಳು.
ನಲವತ್ತು ವರ್ಷ ಗೂಡಿನ ಜೊತೆ ತಾವೂ ಬೆಂದ ಬೆರಳು,
ತುದಿಯಲ್ಲಿ ಗೆರೆಯೇ ಇಲ್ಲ;
ಪಡಿತರದಂಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲವಂತೆ.
ನರ ಸಿಗಲಿಲ್ಲ. ಎರಡು ಸಲ ಚುಚ್ಚಿದೆ.
“ನೀನು ತುದಿ ಹುಡುಕೋ ರೀತಿ ಸರಿಯಿಲ್ಲ ಮಗಾ.
ಗೂಡನ್ನ ಕೆದಕಬಾರದು. ಬಿಸಿನೀರಲ್ಲಿ ಬಿಡು, ಕಾಯಿ,
ಎಳೆ ತಾನಾಗಿ ಬೆರಳಿಗೆ ಅಂಟುತ್ತೆ.”
ಬಿಸಿಬಟ್ಟೆ ಒತ್ತಿದೆ. ಕಾದೆ.
ಸಿಕ್ಕಿತು.

ಟ್ಯೂಬು ಐಸ್ ಡಬ್ಬಿಯಲ್ಲಿ ಹೋಗಿ
ನಾಲ್ಕನೇ ದಿನಕ್ಕೆ ಕಾಗದವಾಗಿ ಬಂತು.
ಕ್ಯಾಲ್ಸಿಯಂ ಸರಿಯಾಗಿದೆ. ಮೋಸವಿರುವುದೇ ಅಲ್ಲಿ:
ರಕ್ತ ತನ್ನ ಪಾಲಿಗೆ ಕೊರತೆಯಾಗಗೊಡುವುದಿಲ್ಲ,
ಮೂಳೆಯ ಮನೆಗೆ ನುಗ್ಗಿ ಕೇಳದೆ ಎತ್ತಿಕೊಳ್ಳುತ್ತದೆ.
ಡಿ ವಿಟಮಿನ್ನು ಹನ್ನೊಂದು,
ಬಿಸಿಲಿಗೆ ಬರವಿಲ್ಲದ ಊರಲ್ಲಿ, ಹಬೆಕೋಣೆಯೊಳಗೆ ದುಡಿದವಳಿಗೆ.
ಸಿಟಿಎಕ್ಸ್, ಅದೇ ಮೂಳೆಪುಡಿ, ಸಾವಿರದ ನೂರ ಎಂಬತ್ತು.
“ಒಳಗೆ ಕೆಡವುವವರು ಓಡೋಡಿ ಕೆಡವುತ್ತಿದ್ದಾರೆ,
ಕಟ್ಟುವವರು ಇನ್ನೂ ಮಣ್ಣು ಕಲಸುತ್ತಿದ್ದಾರೆ” ಎಂದೆ.
ಈ ಮಾತು ನನಗೆ ಬಾಯಿಪಾಠ.

ಆಕೆ ಸುಮ್ಮನೆ ಕೇಳಿಸಿಕೊಂಡು,
“ಹಂಗಾದ್ರೆ ರೆಂಡಿಟ್ಟಾ ಎಷ್ಟು?” ಅಂದಳು.
“ಏಳು ಕೇಜಿ ಗೂಡು ಹೋದರೆ ಒಂದು ಕೇಜಿ ನೂಲು ಬರುತ್ತೆ.
ನಂದು ಇಷ್ಟು ಹೋಯ್ತಲ್ಲ,
ಬಂದಿದ್ದೇನು?”

ಪಿಕೋಗ್ರಾಂ ಎಂದೆ, ದಡ್ಡಿಯ ಹಾಗೆ.
ಆ ತೂಕದ ಕಲ್ಲು ಯಾವ ತಕ್ಕಡಿಯಲ್ಲೂ ಇಲ್ಲ.
ಕಾಗದ ಮಡಿಸಿ ಎಲೆಯಡಿಕೆ ಚೀಲಕ್ಕೆ ತುರುಕಿ
ಅಡ್ಡಡ್ಡ ಕಾಲಿಡುತ್ತ ಇಳಿದಳು.
ಮಾತ್ರೆ ಕೊಡುತ್ತಾರೆ ಡಾಕ್ಟರು. ಚುಚ್ಚುಮದ್ದೂ ಇದೆ.
ಲೆಕ್ಕ ಕೊಡುವವರು ಯಾರು?

ಸ್ಟ್ಯಾಂಡಿನಲ್ಲಿ ಇವತ್ತು ನನ್ನ ಹೆಸರಿನದೂ ಒಂದು ಟ್ಯೂಬು.
ವರದಿಯಲ್ಲಿ ಎರಡು ಸಾಲು,
ನಿಲ್ಲುವ ಮೊದಲು ಇಷ್ಟಿರಬೇಕು, ನಿಂತ ಮೇಲೆ ಇಷ್ಟು.
ಅದೇ ಸಂಖ್ಯೆ ಮೇಲಿನ ಸಾಲಿಗೆ ಕಾಯಿಲೆ,
ಕೆಳಗಿನ ಸಾಲಿಗೆ ಸಹಜ.
ಹನ್ನೆರಡು ತಿಂಗಳು ತುಂಬಿದರೆ ನಿಂತಿತು ಎಂದು ಬರೆಯಬಹುದು.
ನನಗೆ ಹನ್ನೊಂದು ತಿಂಗಳು, ಆರು ದಿನ.
ಖಾನೆಯ ಮುಂದೆ ಪೆನ್ನು ಹಿಡಿದು ಕೂತಿದ್ದೇನೆ.

ಕೆಳಗಿನಿಂದ ಯಾರೋ ಕೂಗುತ್ತಿದ್ದಾರೆ.
ಬಂದೆ ಬಂದೆ ಎನ್ನುತ್ತ ಏಳುತ್ತೇನೆ,
ಕಂಬಿ ಹಿಡಿದುಕೊಂಡು ಇಳಿಯುತ್ತೇನೆ.