ಹಿಕ್ಕೆ ತೊಳೆಯುವ ಶನಿವಾರ

ವಾರವೆಲ್ಲ ಟಲ್ಲಿ ಊರಿನ ಆಸ್ಪತ್ರೆಯಲ್ಲಿ
ಕಬ್ಬು ಕಡಿಯುವ ಯಂತ್ರಕ್ಕೆ ಸಿಕ್ಕ ಮಣಿಕಟ್ಟು,
ಬಾಳೆಗೊನೆ ಹೊತ್ತು ಜಾರಿದ ಹುಡುಗರ ಹೆಗಲು.
'ಉಸಿರು ಹಿಡಿಯಿರಿ... ಹಾಂ, ಬಿಡಿ' ಅನ್ನುತ್ತ
ಎಕ್ಸ್-ರೇ ತೆಗೆಯುವುದು ನನ್ನ ಕಸುಬು.
ಶನಿವಾರ ಬಂತೆಂದರೆ
ಮಿಷನ್ ಬೀಚಿನ ತಗಡಿನ ಶೆಡ್ಡಿನಲ್ಲಿ
ಮೊಣಕೈವರೆಗೆ ಹಿಕ್ಕೆ.

ಕ್ಯಾಸೊವರಿಯದು.
ಆಳೆತ್ತರದ ಹಕ್ಕಿ, ಹಾರಲು ಬಾರದು.
ನೀಲಿ ಕೊರಳು, ನೆತ್ತಿಯ ಮೇಲೆ ಕೊಂಬಿನ ಶಿಖೆ,
ಕಾಲಲ್ಲಿ ಚೂರಿಯಂಥ ಉಗುರು.
ಹೆಣ್ಣು ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತದೆ,
ಕಾವು ಕೂರುವುದು, ಮರಿ ಸಾಕುವುದು ಗಂಡಿನ ಪಾಲು.
ಇದನ್ನು ಹೇಳುವಾಗ ನೊರೀನಜ್ಜಿ ಪ್ರತಿ ಸಲವೂ
ಗಂಡಸರ ಕಡೆ ತಿರುಗಿ ಕೆಮ್ಮುತ್ತಾಳೆ.

ಹಣ್ಣನ್ನು ಇಡಿಯಾಗಿ ನುಂಗುತ್ತದೆ, ನಡೆಯುತ್ತದೆ,
ನಡೆದಲ್ಲಿ ಹಾಕುತ್ತದೆ,
ಹಾಕಿದಲ್ಲಿ ಕಾಡು.
ಲೆಕ್ಕ ಅಷ್ಟೇ ಇತ್ತು.
ಈಗ ನಡುವೆ ಡಾಂಬರು, ನಡುವೆ ಕಬ್ಬು,
ನಡುವೆ ಬೇಲಿ ಹಾಕಿದ ರಜಾಮನೆಗಳು.
ಹಾಗಾಗಿ ಹಕ್ಕಿ ನಡೆಯಲಾರದ ಹಾದಿಯನ್ನು
ಬಕೆಟ್ಟು ಹಿಡಿದು ನಾವು ನಡೆಯುತ್ತೇವೆ:
ಅಂಚೆ ಕೆಲಸ ಬಿಟ್ಟ ಡೆಸ್ಮಂಡ್, ಪಬ್ಬಿನ ಅಡಿಗೆಯ ಟ್ರೂಡಿ,
ಈ ನೆಲಕ್ಕೆ ಮೊದಲಿನಿಂದ ಸೇರಿದ ನೊರೀನಜ್ಜಿ,
ಕೊನೆಗೆ ಸೇರಿದ ನಾನು.

ಮೊದಲ ದಿನ, ಜರಡಿಯಲ್ಲಿ ಉಳಿದದ್ದನ್ನು ಕಂಡು
ಕೈ ಹಾಗೇ ನಿಂತಿತು.
ಗುಂಡಗೆ, ಗಟ್ಟಿಗೆ, ಮೈತುಂಬ ಸುಕ್ಕು,
ಐದು ಗೆರೆ, ಐದು ಮುಖ.
'ನೀಲಿ ಕ್ವಾಂಡಾಂಗ್' ಅಂದ ಡೆಸ್ಮಂಡ್.
'ರುದ್ರಾಕ್ಷಿ' ಅಂದೆ ನಾನು.
ಮಡಿಯಲ್ಲಿ ಮುಟ್ಟುವ ವಸ್ತು
ಹಕ್ಕಿಯ ಹಿಂಬಾಗಿಲಿನಿಂದ ಬಂದಿತ್ತು.
ಸೋದರತ್ತೆಗೆ ಫೋನಿನಲ್ಲಿ ಹೇಳಿದೆ.
'ಮೊದಲು ಸ್ನಾನ' ಅಂದಳು.
ನನಗೋ ಅದಕ್ಕೋ ಕೇಳಲಿಲ್ಲ.

ಆಮೇಲೆ ಆ ಜುಲೈ.
ರಸ್ತೆಯ ತಿರುವಿನಲ್ಲಿ ಬಿದ್ದಿತ್ತು,
ಗಂಡು, ಕಪ್ಪು ಗರಿ ಇಬ್ಬನಿಯಲ್ಲಿ ತೊಯ್ದು.
ಪಟ್ಟೆಪಟ್ಟೆಯ ಎರಡು ಮರಿ ಹುಲ್ಲಿನಂಚಲ್ಲಿ ಸಿಳ್ಳು ಹಾಕುತ್ತ.
ನೊರೀನಜ್ಜಿ ಮಂಡಿಯೂರಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು,
ನಮಗಲ್ಲ.
ಮರಿಗಳನ್ನು ಪೆಟ್ಟಿಗೆಯಲ್ಲಿ ಒಯ್ದರು.
ಹೊಟ್ಟೆ ಬಗೆದ ಅರಣ್ಯದವನು
ನಮ್ಮ ಬಕೆಟ್ಟಿಗೆ ಸುರಿದದ್ದು
ಅರವತ್ತೊಂದು ಬೀಜ.
ಜಪಸರಕ್ಕೆ ನಲವತ್ತೇಳು ಕಡಿಮೆ.

ಎರಡು ತಿಂಗಳಾಗಿ ಗುಯಿಡೊ ಜಪ್ಪಾಲಾ ಬಂದ,
ಬಿಯರ್ ಪೆಟ್ಟಿಗೆಯ ರಟ್ಟಿನ ಮೇಲೆ ನಕ್ಷೆ ಗೀಚಿಕೊಂಡು.
'ಹಳ್ಳದ ಪಕ್ಕದ ಹನ್ನೊಂದು ಸಾಲು ಕಬ್ಬು ಕೀಳುತ್ತೇನೆ.
ಅಪ್ಪ ಕೊಡಲಿಯಲ್ಲಿ ಬೋಳಿಸಿದ ಜಾಗ. ಕೊಡುತ್ತೇನೆ.'
'ಕೊಡುವುದಲ್ಲ ಗುಯಿಡೊ, ಹಿಂತಿರುಗಿಸುವುದು'
ಅಂದಳು ಅಜ್ಜಿ.
ಎಲ್ಲರೂ ನಕ್ಕರು. ಅವನು ಸ್ವಲ್ಪ ತಡವಾಗಿ.

ಅವನ ಹಳೆ ಪಿಕಪ್ಪಿಗೆ
ಹೊಸ ಬಂಪರು, ಉಳಿದ ಮೈಗಿಂತ ಬೆಳ್ಳಗೆ.
ಕೂಡಿಕೊಂಡ ಮೂಳೆಯಲ್ಲೂ
ಮುರಿದ ಗೆರೆ ಕೆಲಕಾಲ ಕಾಣುತ್ತದೆ.
ಚಿತ್ರ ತೆಗೆಯುವುದಷ್ಟೇ ನನ್ನ ಕೆಲಸ,
ವರದಿ ಬರೆಯುವುದು ಬೇರೆಯವರದು.

ಹದಿನಾಲ್ಕು ತಿಂಗಳಿಗೆ ಹತ್ತೊಂಬತ್ತು ಮೊಳೆತವು.
ಆ ಹನ್ನೊಂದು ಸಾಲಲ್ಲಿ ನೆಟ್ಟೆವು,
ಜಿಗಣೆಗಳಿಗೆ ರಕ್ತದ ಕಂದಾಯ ಕೊಟ್ಟು.
ಹಳ್ಳದ ಬಾಯಲ್ಲಿ ಕಾಂಡ್ಲಾ, ಆಚೆ ಕಡಲಹುಲ್ಲು.
ಮಳೆ ಬಂದಾಗ ಚಹಾ ಬಣ್ಣದಲ್ಲಿ ಇಳಿಯುತ್ತಿದ್ದ ನೀರು
ಈ ಸಲ ಗಂಜಿಯ ತಿಳಿಯಷ್ಟು ಎಂದು ಟ್ರೂಡಿ.
ಇನ್ನೂ ಕದಡೇ ಇದೆ ಎಂದು ಡೆಸ್ಮಂಡ್.
ಇಬ್ಬರೂ ಒಂದೇ ದೋಣಿಯಲ್ಲಿ.

ಮೊಳೆಯದೆ ಉಳಿದದ್ದರಲ್ಲಿ ಒಂದನ್ನು ತೊಳೆದು
ಜೇಬಿನಲ್ಲಿ ಆಸ್ಪತ್ರೆಗೆ ಒಯ್ದೆ.
ರಾತ್ರಿ ಪಾಳಿ, ರೋಗಿಗಳಿಲ್ಲ,
ತಣ್ಣನೆ ಫಲಕದ ನಟ್ಟನಡುವೆ ಇಟ್ಟೆ.
ಐದು ಕೋಣೆ. ನಾಲ್ಕು ಕತ್ತಲೆ.
ಐದನೆಯದರಲ್ಲಿ ಉಗುರಿನ ಚೂರಿನಷ್ಟು
ಏನೋ ಬಿಳಿ.

'ಉಸಿರು ಹಿಡಿ' ಅಂದಿದ್ದೆ, ಅಭ್ಯಾಸಬಲ.
ಬಿಡು ಅಂತ ಇನ್ನೂ ಹೇಳಿಲ್ಲ.